ಎಲ್ಲಕ್ಕಿಂತ ಮೇಲಿನ ಸಾಲು

"ಒಂದೇ ಮಾತು ಹೇಳ್ತೀನಿ, ನೋಡಮ್ಮ," ಎಂದರು ಭಾವ.

ಭಾವನ 'ಒಂದೇ ಮಾತು' ಅಂದರೆ ತುಂಬಿದ ಬಸ್ಸಿನಲ್ಲಿ 'ಒಂದೇ ಸೀಟು ಖಾಲಿ' ಅಂದ ಹಾಗೆ. ಹಿಂದೆಯೇ ಹತ್ತು ನುಗ್ಗುತ್ತವೆ. ಸೊಸೆ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಮಂಡಿಯೂರಿ ಕೂತು, ಹಳೆಯ ಸರ್ವರಿನ ಧೂಳು ಒರೆಸುತ್ತ, ಉಳಿದವಕ್ಕೆ ಕಾದಳು.

"ಮನೇಲಿ ಇಷ್ಟು ಜನ, ಇಷ್ಟು ಫೋನು, ಇಷ್ಟು ಕಂಪ್ಯೂಟರು. ಯಾರು ಎಲ್ಲಿಗೆ ಹೋಗ್ತಾರೋ, ಯಾರು ಒಳಗೆ ಬರ್ತಾರೋ, ಹೇಳೋರಿಲ್ಲ ಕೇಳೋರಿಲ್ಲ. ಹೋಗೋದೂ ಒಂದೇ ಬಾಗಿಲು, ಬರೋದೂ ಒಂದೇ ಬಾಗಿಲು ಆಗ್ಬೇಕು. ಆಗುತ್ತೋ ಇಲ್ವೋ?"

"ಆಗುತ್ತೆ ಭಾವ. ಹೋಗೋದಕ್ಕೆ ಫಾರ್ವರ್ಡ್ ಪ್ರಾಕ್ಸಿ, ಬರೋದಕ್ಕೆ ರಿವರ್ಸ್ ಪ್ರಾಕ್ಸಿ. ಎರಡನ್ನೂ ಇದೊಂದೇ ಪೆಟ್ಟಿಗೇಲಿ ಕೂರಿಸಬಹುದು."

"ಅಂದ್ರೆ?"

ಸೊಸೆ ತಲೆಯೆತ್ತಿದಳು. ಮೂರನೇ ಮೆಟ್ಟಿಲ ಮೇಲೆ ಅತ್ತೆ ಚಹದ ಲೋಟ ಹಿಡಿದು ಕೂತಿದ್ದರು.

"ಅತ್ತೆಯವರನ್ನೇ ನೋಡಿ. ಎಲ್ಲರ ಪರವಾಗಿ ಪೇಟೆಗೆ ಹೋಗಿ ಬೇಕಾದ್ದು ತರ್ತಾರಲ್ಲ? ಪೇಟೆಯವನಿಗೆ ಅತ್ತೆ ಮುಖ ಮಾತ್ರ ಗೊತ್ತು. ಸೋಪು ಯಾರಿಗೆ, ಬ್ಲೇಡು ಯಾರಿಗೆ, ಗೊತ್ತಿಲ್ಲ. ಅದು ಫಾರ್ವರ್ಡ್. ಬಾಗಿಲು ತಟ್ಟಿದವರಿಗೂ ಅತ್ತೆಯೇ ಎದುರಾಗ್ತಾರೆ. ಒಳಗೆ ಹೋಗಿ ವಿಚಾರಿಸಿ ಬಂದು ತಾವೇ ಉತ್ತರ ಹೇಳ್ತಾರೆ. ಒಳಗೆ ಎಷ್ಟು ಕೋಣೆ, ಉತ್ತರ ಯಾವ ಕೋಣೇದು, ಬಂದವರಿಗೆ ತಿಳಿಯಲ್ಲ. ಅದು ರಿವರ್ಸ್."

"ಅಂದ್ರೆ ಇಷ್ಟು ವರ್ಷ ನಾನು ಮಾಡಿದ್ದು ಸರ್ವರ್ ಕೆಲಸ," ಎಂದರು ಅತ್ತೆ. "ನಾನು ಸರ್ವರ್ ಹೋಟ್ಲಲ್ಲಿ ಮಾತ್ರ ಇರ್ತಾನೆ ಅಂದ್ಕೊಂಡಿದ್ದೆ. ಇವನು ಬಚ್ಚಲಲ್ಲಿದ್ದಾಗ ಊರಲ್ಲೇ ಇಲ್ಲ ಅಂತ ಎಷ್ಟು ಜನಕ್ಕೆ ಹೇಳಿ ಕಳಿಸಿದ್ದೀನೋ."

"ಅಮ್ಮ, ಕೆಲಸದ ಮಾತಾಡ್ತಿದ್ದೀವಿ," ಎಂದರು ಭಾವ.

"ನಾನೂ ಅದನ್ನೇ ಆಡ್ತಿದ್ದೀನಪ್ಪ."

ಕೆಳಗೆ ಗಡಿಯಾರದ ಅಂಗಡಿ, ಮೇಲೆ ಮನೆ. ನಡುವೆ ಈ ಮೆಟ್ಟಿಲು. ಅಂಗಡಿಯ ಮುಂಭಾಗದಲ್ಲಿ ಗಾಜಿನ ಕಟ್ಟೆ, ಕಟ್ಟೆಯ ಹಿಂದೆ ಭಾವ, ಭಾವನ ಬೆನ್ನ ಹಿಂದೆ ಮರದ ಅಡ್ಡಗೋಡೆ, ಆ ಗೋಡೆಯಲ್ಲಿ ಅಂಗೈಯಗಲದ ಒಂದು ಕಿಂಡಿ. ಗಿರಾಕಿ ನಿಂತುಹೋದ ಕೈಗಡಿಯಾರ ಕೊಟ್ಟರೆ ಭಾವ ಅದನ್ನು ಕಿವಿಗೆ ಹಿಡಿದು, ಹುಬ್ಬು ಗಂಟಿಕ್ಕಿ, "ಹೂಂ, ಇದಕ್ಕೆ ಸುಸ್ತಾಗಿದೆ" ಎಂದು ವೈದ್ಯರ ಧಾಟಿಯಲ್ಲಿ ನುಡಿದು, ಗಿರಾಕಿ ಹೋದ ಮೇಲೆ ಕಿಂಡಿಯೊಳಗೆ ತೂರಿಸುತ್ತಿದ್ದರು. ಕಿಂಡಿಯಾಚೆ ಅವರ ಕಿರಿಯ ತಂಗಿ ಕೂತಿರುತ್ತಿದ್ದಳು. ಸಣಕಲಿ, ಚೂಪು ಮಾತಿನವಳು. ಮನೆಯಲ್ಲಿ ಎಲ್ಲರೂ ಕರೆಯುವುದು 'ಮುಳ್ಳು' ಎಂದೇ. ಗಡಿಯಾರದ ಮುಳ್ಳು ತಿರುಗುತ್ತದೆ, ನಮ್ಮನೆ ಮುಳ್ಳು ತಿರುಗಿಬೀಳುತ್ತದೆ ಎಂದು ಅತ್ತೆ ಹೇಳುವುದಿತ್ತು. ಅವಳು ಬಿಚ್ಚಿ, ತೊಳೆದು, ಜೋಡಿಸಿ, ಅದೇ ಕಿಂಡಿಯಿಂದ ಹೊರಗಿಡುತ್ತಿದ್ದಳು. ಗಿರಾಕಿಗಳು ಭಾವನ ಕೈ ಕುಲುಕಿ, "ಅಪ್ಪನ ಕೈಯೇ ಬಂದಿದೆ ನಿಮಗೆ" ಎಂದು ಹೊಗಳಿ ಹೋಗುತ್ತಿದ್ದರು. ಕೈ ಒಬ್ಬರದು ಕೆಸರಾದರೆ ಬಾಯಿ ಇನ್ನೊಬ್ಬರದು ಮೊಸರಾಗುವುದು ಈ ಅಂಗಡಿಯ ಪದ್ಧತಿ.

ಸೊಸೆ ಮದುವೆಗೆ ಮುಂಚೆ ಒಂದು ಕಚೇರಿಯಲ್ಲಿ ಸರ್ವರ್‌ಗಳನ್ನು ನೋಡಿಕೊಳ್ಳುತ್ತಿದ್ದಳು. ಈಗ ಅಂಗಡಿಯ ವೆಬ್ ಪುಟ, ಬಿಡಿಭಾಗ ತರಿಸುವುದು ಎಲ್ಲ ಅವಳದೇ. ಅರ್ಧ ಕೆಲಸವನ್ನು ಅವಳು ಸಂತೋಷದಿಂದಲೇ ಮುಗಿಸಿದಳು. ಮನೆಯ ಎಲ್ಲ ಯಂತ್ರಗಳೂ ಮೆಟ್ಟಿಲ ಕೆಳಗಿನ ಪೆಟ್ಟಿಗೆಯ ಮೂಲಕವೇ ಹೊರಗೆ ಹೋಗುವಂತೆ ಮಾಡಿದಳು. ಬೀದಿಯಲ್ಲಿ ಹೋಗುವವರೆಲ್ಲ ಈ ಬಾಗಿಲನ್ನು ತಮ್ಮದೆಂದು ಬಳಸದ ಹಾಗೆ, ಮನೆಯವರಿಗೆ ಮಾತ್ರ ಎಂದು ಕಟ್ಟುಹಾಕಿದಳು. ಅಂಗಡಿಯ ಪುಟವನ್ನು ನೋಡಲು ಮನೆಯವರೇ ಊರು ಸುತ್ತಿ ಬರುವುದೇಕೆಂದು, ಆ ಪುಟವಿರುವ ಮುಂಗೋಣೆಯ ಕಂಪ್ಯೂಟರಿಗೆ ನೇರ ಒಂದು ಒಳದಾರಿಯನ್ನೂ ಇಟ್ಟಳು.

"ಇನ್ನು ಮೇಲೆ ಯಾರು ಎಲ್ಲೆಲ್ಲಿ ಹೋಗಿ ಬಂದ್ರು ಅಂತ ದಿನಾ ಸಂಜೆ ನಂಗೆ ತೋರಿಸ್ಬೇಕು," ಎಂದರು ಭಾವ.

"ತೋರಿಸ್ತೀನಿ ಭಾವ. ಎಲ್ಲರದೂ ಒಟ್ಟಿಗೆ ಬರುತ್ತೆ, ಊಟದ ಮೇಜಿನ ಮೇಲೆ ಇಡ್ತೀನಿ. ನಿನ್ನೆ ಮಧ್ಯಾಹ್ನ ಅಂಗಡಿಯಿಂದ ಯಾರೋ ಬೋಳುತಲೆಗೆ ಎಣ್ಣೆ ಹುಡುಕಿದ್ದಾರೆ, ಅದೂ ಸೇರಿಸಿ."

ಭಾವ ತಲೆ ಸವರಿಕೊಂಡರು. ಆ ಆಸೆಯನ್ನು ಅಲ್ಲೇ ಕೈಬಿಟ್ಟರು.

ಉಳಿದರ್ಧ ಕೆಲಸದ ದಿನ ಅಸಲು ಸಂಗತಿ ಹೊರಬಿತ್ತು. ಗಡಿಯಾರ ದುರಸ್ತಿಗಾರರ ಸಂಘ 'ಹಿರಿಯ ಕುಶಲಿ' ಎಂಬ ಬಿರುದಿಗೆ ಪರೀಕ್ಷೆ ಇಟ್ಟಿತ್ತು. ಅಂಗಡಿಗೆ ಒಬ್ಬರೇ. ಇನ್ನು ಮುಂದೆ ದೊಡ್ಡ ಕಂಪನಿಗಳು ಬಿಡಿಭಾಗ ಕಳಿಸುವುದು ಆ ಒಬ್ಬರ ಹೆಸರಿಗೆ. ದುರಸ್ತಿಗೆ ಹೊಣೆಯೂ ಅವರದೇ ಹೆಸರು. ಪರೀಕ್ಷಕರು ಅಂಗಡಿಯ ವೆಬ್ ವಿಳಾಸಕ್ಕೆ ಬಂದು, ಅಭ್ಯರ್ಥಿ ಗಡಿಯಾರ ಬಿಚ್ಚಿ ಜೋಡಿಸುವುದನ್ನು ಕ್ಯಾಮೆರಾದಲ್ಲಿ ನೋಡುತ್ತಾರೆ. ಪುಟದಲ್ಲಿ ಎರಡು ಚಿತ್ರ ಕಾಣಬೇಕು: ಮೇಲೆ ಮುಖ, ಕೆಳಗೆ ಕೈ.

"ಒಂದೇ ಮಾತು," ಎಂದರು ಭಾವ. "ಮುಖ ಮುಂಗೋಣೆಯಿಂದ ಹೋಗ್ಲಿ. ಕೈ ಒಳಗಿನ ಮೇಜಿಂದ ಹೋಗ್ಲಿ. ಹೊರಗಿನವರಿಗೆ ಒಂದೇ ಬಾಗಿಲು, ಒಳಗೆ ಎಷ್ಟು ಕೋಣೆ ಇದ್ರೆ ಅವರಿಗೇನು? ನೀನೇ ಹೇಳಿದ್ದಲ್ವಾ."

ಸೊಸೆಗೆ ತನ್ನ ಮಾತೇ ತನ್ನ ಕೆನ್ನೆಗೆ ಬಾರಿಸಿದಂತಾಯಿತು. "ಮುಖ ನಿಮ್ದು, ಕೈ ಮುಳ್ಳಿಂದು?"

"ಇಷ್ಟು ವರ್ಷ ನಡೆದಿರೋದೇ ಅಲ್ವೇನಮ್ಮ."

ಅದೇ ಸಮಸ್ಯೆ. ಇಷ್ಟು ವರ್ಷ ನಡೆದದ್ದೇ ಅದು. ಸೊಸೆ ಅಡ್ಡಗೋಡೆಯ ಪಕ್ಕದ ಇಕ್ಕಟ್ಟಿನ ಓಣಿ ಹಿಡಿದು ಒಳಗಿನ ಕೋಣೆಗೆ ಹೋದಳು. ಮುಳ್ಳು ಒಂದು ಕಣ್ಣಿಗೆ ಭೂತಗನ್ನಡಿ ಕಚ್ಚಿಸಿಕೊಂಡು, ಚಿಮಟದ ತುದಿಯಲ್ಲಿ ಕೂದಲಿನಂಥ ಸ್ಪ್ರಿಂಗನ್ನು ಎತ್ತುತ್ತಿದ್ದಳು.

"ಉಸಿರು ಬಿಡಬೇಡಿ ಅತ್ತಿಗೆ. ಹಾರಿದ್ರೆ ಇಬ್ಬರೂ ನೆಲ ನೆಕ್ಕಬೇಕು."

ಸ್ಪ್ರಿಂಗು ತನ್ನ ಜಾಗ ಸೇರಿದ ಮೇಲೆ ಸೊಸೆ ಎದೆ ಮುಂದೆ ಚಾಚಿ, ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಗಂಟಲು ಸರಿಮಾಡಿಕೊಂಡಳು. "ಒಂದೇ ಮಾತು. ಮೂಗು ನನ್ನದಾಗಿರಲಿ, ಉಸಿರು ಮಾತ್ರ ನೀನು ಬಿಡು. ಇಷ್ಟು ವರ್ಷ ನಡೆದಿರೋದೇ ಅಲ್ವೇನಮ್ಮ."

ಭಾವನ ದನಿ ಅಷ್ಟು ಪಕ್ಕಾ ಇತ್ತು, ಕಿಂಡಿಯಾಚೆ ಬಂದಿದ್ದ ಗಿರಾಕಿಯೊಬ್ಬ "ಏನಂದ್ರಿ?" ಎಂದು ಭಾವನನ್ನೇ ಕೇಳಿದ. ಮುಳ್ಳು ಸೆರಗಿನ ತುದಿ ಬಾಯಿಗೆ ತುರುಕಿಕೊಂಡು ನಕ್ಕಳು. ನಗು ಮುಗಿದ ಮೇಲೆ ಸೊಸೆ ಪರೀಕ್ಷೆಗೆ ಭಾವ ಹೂಡಿದ ಉಪಾಯವನ್ನು ತನ್ನದೇ ದನಿಯಲ್ಲಿ ಹೇಳಿದಳು.

ಮುಳ್ಳು ಭೂತಗನ್ನಡಿ ತೆಗೆದಿಟ್ಟಳು. ಕಣ್ಣಿನ ಸುತ್ತ ಕೆಂಪು ಬಳೆ ಮೂಡಿತ್ತು. "ನನ್ನನ್ನೇ ಕೂರಿಸ್ತಾನೆ ಅಂದ್ಕೊಂಡಿದ್ದೆ. ಪರೀಕ್ಷೆಗೆ ಬರೋ ಗಡಿಯಾರ ಇಂಥದೇ ಅಂತ ದೊಡ್ಡಣ್ಣ ಒಂದು ಹಳೇದು ತಂದುಕೊಟ್ಟ. ದಿನಾ ಬಿಚ್ಚಿ ಜೋಡಿಸ್ತಿದ್ದೀನಿ. ನೋಡಿ ನನ್ನ ಪೆದ್ದುತನ."

"ಪೆದ್ದುತನ ಅಲ್ಲ, ನಂಬಿಕೆ."

"ಎರಡಕ್ಕೂ ಒಂದೇ ಬೀಗದಕೈ ಅತ್ತಿಗೆ." ಅವಳು ಮೇಜಿನ ಮೇಲಿದ್ದ ಕೈಗಡಿಯಾರದ ಹಿಂದಿನ ಮುಚ್ಚಳವನ್ನು ಮಗುಚಿ ಬೆಳಕಿಗೆ ಹಿಡಿದಳು. ಒಳಮೈಯಲ್ಲಿ ಸೂಜಿಯಿಂದ ಗೀರಿದ ಹಲವು ಗುರುತುಗಳಿದ್ದವು. "ರಿಪೇರಿ ಮಾಡಿದವರು ಒಳಗಡೆ ಒಂದು ಗುರುತು ಗೀರಬೇಕು. ನಮ್ಮ ಕಸುಬಿನ ರೂಢಿ. ಇದು ಯಾರೋ ಬೇರೆ ಊರಿನವರದು. ಈ ಅರ್ಧಚಂದ್ರ ಅಪ್ಪಂದು. ಇದು ನಂದು."

ಅರ್ಧಚಂದ್ರದ ಕೆಳಗೆ ಒಂದು ಪುಟ್ಟ ಮುಳ್ಳು. ಬುಡ ಅಗಲ, ತುದಿ ಚೂಪು.

"ಭಾವನ ಗುರುತು?"

"ದೊಡ್ಡಣ್ಣ ಮುಚ್ಚಳ ತೆಗೆದು ಎಷ್ಟು ಕಾಲವಾಯ್ತೋ."

ಸೊಸೆ ಆ ಗೀರನ್ನು ತುಂಬ ಹೊತ್ತು ನೋಡಿದಳು. ಅವಳ ಕಸುಬಿನಲ್ಲೂ ಇಂಥದೊಂದು ಮರ್ಯಾದೆಯಿದೆ. ಮಾನವಂತ ಪ್ರಾಕ್ಸಿ ತಾನು ಸಾಗಿಸಿದ ಪ್ರತಿಯೊಂದರ ಮೇಲೂ 'ಇದು ನನ್ನ ಮೂಲಕ ಬಂತು' ಎಂದು ಸಣ್ಣದೊಂದು ಸಾಲು ಬರೆಯುತ್ತದೆ. ನನ್ನಿಂದ ಬಂತು ಎನ್ನುವುದಿಲ್ಲ, ಮೂಲಕ ಎನ್ನುತ್ತದೆ. ಕಬ್ಬಿಣದ ಡಬ್ಬಿಗಿರುವಷ್ಟು ನಾಚಿಕೆ ಈ ಕಟ್ಟೆಯ ಹಿಂದೆ ಇರಲಿಲ್ಲ.

"ನೀವೇ ದೊಡ್ಡಣ್ಣನ ದನೀಲಿ ಪರೀಕ್ಷೆಗೆ ಕೂತ್ಬಿಡಿ," ಎಂದಳು ಮುಳ್ಳು, ನಗಲು ನೋಡುತ್ತ.

"ಬೇಡ ಕಣೇ. ಈ ಮನೇಲಿ ಇನ್ನೊಬ್ಬರ ದನೀಲಿ ಮಾತಾಡಿದ್ದು ಸಾಕು."

ಆ ಸಂಜೆ ಊಟದ ಮೇಜಿನ ಮುಂದೆ, ಎಲ್ಲರ ಎದುರಿಗೆ, ಸೊಸೆ ಹೇಳಿದಳು: "ಭಾವ, ಬಾಗಿಲು ಸಿದ್ಧ ಇದೆ. ಎರಡೂ ಕೋಣೆಯ ಕಂಪ್ಯೂಟರಿಗೂ ಪರೀಕ್ಷೆಯ ಪುಟ ಹಾಕಿದ್ದೀನಿ. ಒಂದು ಕೈಕೊಟ್ರೆ ಇನ್ನೊಂದು ಇರುತ್ತೆ. ಯಾರು ಕೂತ್ಕೊಂಡ್ರೂ ಅವರ ಮುಖ, ಅವರದೇ ಕೈ ಕಾಣುತ್ತೆ. ಯಾವ ಚಿತ್ರ ಯಾವ ಕೋಣೆಯಿಂದ ಅಂತ ಸರ್ವರಲ್ಲಿ ಒಂದೊಂದು ಸಾಲು ಬರೀಬೇಕು; ನಿಮ್ಮ ಮುಖಕ್ಕೆ ಅವಳ ಕೈ ಅಂಟಿಸೋ ಸಾಲು ಮಾತ್ರ ನಾನು ಬರೆಯಲ್ಲ."

ಭಾವನ ತುತ್ತು ಅರ್ಧದಾರಿಯಲ್ಲಿ ನಿಂತಿತು. "ಬರೆಯಲ್ಲ ಅಂದ್ರೆ?"

"ಬರೆಯಲ್ಲ ಅಂದ್ರೆ ಬರೆಯಲ್ಲ. ಕಾಲೇಜಲ್ಲಿ ಗೈರಾದವರಿಗೆ ಹಾಜರಿ ಕೂಗ್ತಿದ್ದೆ, ಅದು ತುಂಟತನ. ನೀವು ಹಾಜರಿರೋಳಿಗೆ ಗೈರು ಹಾಕು ಅಂತಿದ್ದೀರಿ."

ಭಾವ ತಮ್ಮನ ಕಡೆ ತಿರುಗಿದರು. ತಮ್ಮ, ಅಂದರೆ ಸೊಸೆಯ ಗಂಡ, ಹಾವೂ ಸಾಯದ ಕೋಲೂ ಮುರಿಯದ ದಾರಿ ಹುಡುಕುತ್ತಲೇ ಮೂವತ್ತು ದಾಟಿದವನು. ತಂಗಿ ಅವನಿಗಿಟ್ಟ ಹೆಸರು ಲೋಲಕ, ಗಡಿಯಾರದಲ್ಲಿ ಅತ್ತಿತ್ತ ತೂಗುವ ಗುಂಡು. ಅವನು ಅಣ್ಣನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಮತ್ತೆ ಅಣ್ಣನ ಮುಖ ನೋಡಿದ. "ಇಬ್ಬರು ಹೇಳೋದ್ರಲ್ಲೂ..." ಎಂದು ಶುರುಮಾಡಿದ.

"ಟಿಕ್," ಎಂದಳು ಮುಳ್ಳು. "ಇನ್ನು ಆ ಕಡೆ ಹೋಗಿ ಟಕ್ ಅನ್ನು ಚಿಕ್ಕಣ್ಣ."

ಅತ್ತೆಗೆ ನಗು ಬಂತು. ಭಾವನಿಗೆ ಬರಲಿಲ್ಲ. ಅವರು ಲೋಟ ಎತ್ತಿದರು; ಎರಡೂ ಕೈಯಲ್ಲಿ ಹಿಡಿದು ಎತ್ತಿದರು. ಹಾಗಿದ್ದೂ ನೀರು ತುಳುಕಿ ಮೇಜಿನ ಮೇಲೆ ಬಿತ್ತು. ಸೊಸೆ ಆ ನಡುಕವನ್ನು ಮೊದಲೂ ಕಂಡಿದ್ದಳು, ಕಾಣದಂತೆ ಇದ್ದಳು.

"ಅಪ್ಪನ ಕೈ ನಂಗೆ ಬಂದಿದೆ ಅಂತ ಊರೆಲ್ಲ ಹೇಳುತ್ತೆ," ಎಂದರು ಭಾವ, ಯಾರನ್ನೂ ನೋಡದೆ. "ಬಂದಿಲ್ಲ ಅಂತ ಈಗ ನಾನೇ ಬೋರ್ಡು ಹಾಕ್ಲಾ?"

ಸೊಸೆಗೆ ಪಾಪ ಎನಿಸಿತು. ಪಾಪ ಎನಿಸಿದ್ದಕ್ಕೆ ಮನಸ್ಸು ಬದಲಾಗಲಿಲ್ಲ. "ನಿಮ್ಮ ಕೈ ನಡುಗೋದು ತಪ್ಪಲ್ಲ ಭಾವ. ಅವಳ ಕೈ ಕದಿಯೋದು ತಪ್ಪು."

ಭಾವ ಎದ್ದರು. "ಪಾಸ್‌ವರ್ಡ್ ಕೊಡು. ನಿನ್ನ ಪಕ್ಕ ನಿಂತು ಇಷ್ಟು ದಿನ ನೋಡಿದ್ದೀನಿ. ಒಂದು ಸಾಲು ನಂಗೂ ಬರೆಯೋಕೆ ಬರುತ್ತೆ."

ಸೊಸೆ ಕೊಟ್ಟಳು. ಮನೆ ಅವರದು, ಬಾಗಿಲೂ ಅವರದು. ಬಚ್ಚಿಟ್ಟು ಗೆಲ್ಲುವುದು ಅವಳಿಗೆ ಬೇಕಿರಲಿಲ್ಲ.

ಭಾವ ಬರೆದರು. ಬರೆದದ್ದನ್ನು ಪರೀಕ್ಷೆಯ ದಿನ ಬೆಳಿಗ್ಗೆ ಸೊಸೆ ನೋಡಿದಳು, ನೋಡಿ ಸರ್ವರಿನ ಮುಂದೆ ಹಾಗೇ ಕೂತಳು. ಅವಳು ಈ ಮೊದಲು ಬರೆದ ಸಾಲುಗಳು ಅಲ್ಲೇ ಇದ್ದವು. ಭಾವನ ಸಾಲು ಅವೆಲ್ಲಕ್ಕಿಂತ ಮೇಲಿತ್ತು. ಬೇರೆಯವರ ಕೆಳಗೆ ತಮ್ಮ ಸಾಲು ಬರೆದು ಅಭ್ಯಾಸವಿಲ್ಲದವರು ಎಲ್ಲಿ ಬರೆದಾರು? ಮೇಜಿನ ತಲೆಯಲ್ಲಿ ಕೂರುವವರು, ಬೋರ್ಡಿನ ತುದಿಯಲ್ಲಿ ಹೆಸರು ಹಾಕಿಸಿದವರು. ಆ ಸಾಲಿನಲ್ಲಿ 'ಕೈ' ಎಂಬ ದಾರಿಯ ಹೆಸರನ್ನು ಹಾಕುವ ಬದಲು ಬರೀ ಒಂದು ಓರೆಗೆರೆ (/) ಎಳೆದಿದ್ದರು. ಓರೆಗೆರೆಯ ಮುಂದೆ ಏನೂ ಇಲ್ಲದಿದ್ದರೆ ಸರ್ವರ್ ಅದನ್ನು 'ಬಂದದ್ದೆಲ್ಲ' ಎಂದು ಓದುತ್ತದೆ. ಮೇಲಿನಿಂದ ಓದುತ್ತ ಬಂದು, ಮೊದಲು ಹೊಂದಿದ ಸಾಲನ್ನೇ ಹಿಡಿದು, ಕೆಳಗಿನದನ್ನು ಮೂಸಿಯೂ ನೋಡುವುದಿಲ್ಲ. ಬಂದದ್ದೆಲ್ಲ ಮುಳ್ಳಿನ ಮೇಜಿಗೆ: ಅದು ಭಾವನ ಸಾಲಿನ ಅರ್ಥ.

ಸೊಸೆ ಮುಂಗೋಣೆಗೆ ಹೋದಳು. ಭಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಇದ್ದಷ್ಟು ಕೂದಲನ್ನು ಇಲ್ಲದ ಕಡೆಗೂ ಹಂಚಿ ಬಾಚಿಕೊಂಡಿದ್ದರು. ಅತ್ತೆ, ಲೋಲಕ ಅಲ್ಲೇ ಇದ್ದರು, ಕಿಂಡಿ ತೆರೆದಿತ್ತು.

"ಭಾವ, ನೀವು ಬರೆದ ಸಾಲಲ್ಲಿ ಮುಖಾನೂ ಕೈನೂ ಎರಡೂ ಒಳಗಿನ ಮೇಜಿಂದಲೇ ಹೋಗುತ್ತೆ. ಪರೀಕ್ಷಕರಿಗೆ ನೀವು ಕಾಣಲ್ಲ. ಕಾಣೋದು ಮುಳ್ಳು."

ಭಾವ ತಮ್ಮ ಮುಂದಿನ ಪರದೆ ತೋರಿಸಿದರು. ಅಂಗಡಿಯ ಪುಟ ತೆರೆದಿತ್ತು, ಅದರಲ್ಲಿ ಅವರದೇ ಮುಖ ಅವರನ್ನು ನೋಡಿ ಮುಗುಳ್ನಗುತ್ತಿತ್ತು. "ಇದ್ಯಾರು, ನನ್ನ ತಾತನಾ?"

"ಅದು ಒಳದಾರಿ ಭಾವ. ಮನೆಯವರಿಗೆ ಅಂತ ನಾನೇ ಇಟ್ಟಿದ್ದು, ಸೀದಾ ಈ ಕೋಣೆಗೇ ಬರುತ್ತೆ. ಒಳಗಿಂದ ನೋಡಿದ್ರೆ ಎಲ್ಲ ಸರಿಯಾಗೇ ಕಾಣುತ್ತೆ. ಹೊರಗೆ ಬೀದಿಗೆ ಹೋಗಿ ಫೋನಲ್ಲಿ ನೋಡಿ."

"ಹೆದರಿಸೋ ಆಟ ಬೇಡ. ನೀನು ಮಾಡಲ್ಲ ಅಂದಿದ್ದನ್ನ ನಾನು ಮಾಡ್ಕೊಂಡೆ ಅಂತ ಹೊಟ್ಟೆಕಿಚ್ಚು."

"ಹೇಳೋದು ಹೇಳಿದ್ದೀನಿ. ನಾಲ್ಕು ಜನ ಕೇಳಿಸ್ಕೊಂಡಿದ್ದಾರೆ. ತಿದ್ದೋದಾದ್ರೆ ನೀವೇ ತಿದ್ದಿ. ಆ ಸಾಲನ್ನ ನಾನು ಮುಟ್ಟಲ್ಲ."

"ಹೋಗಿ ನೋಡೋ," ಎಂದರು ಅತ್ತೆ.

"ಅಮ್ಮ, ಈಗ ನಾನು ಬೀದಿಗೆ ಓಡ್ಲಾ? ಅವರು ಬರೋ ಹೊತ್ತಾಯ್ತು."

ಕಿಂಡಿಯಾಚೆ ಮುಳ್ಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಭೂತಗನ್ನಡಿ ಒರೆಸುತ್ತಿದ್ದವಳು, ಒರೆಸುವುದನ್ನು ನಿಲ್ಲಿಸಿ ಜಡೆ ಬಿಚ್ಚಿ ಮತ್ತೆ ಬಿಗಿಯಾಗಿ ಹೆಣೆದುಕೊಂಡಳು.

ಪರೀಕ್ಷಕಿ ಬಂದರು. ಬಂದದ್ದು ಭಾವನ ಪರದೆಗಲ್ಲ. ಭಾವ ಬೆನ್ನು ನೆಟ್ಟಗೆ ಮಾಡಿ, ತಮ್ಮ ಮುಖಕ್ಕೆ ತಾವೇ ನಮಸ್ಕಾರ ಮಾಡಿ ಕೂತಿದ್ದಾಗ, ಅವರ ಬೆನ್ನ ಹಿಂದಿನ ಕಿಂಡಿಯಿಂದ ಹೆಂಗಸಿನ ದನಿಯೊಂದು ಕೇಳಿಸಿತು.

"ನಮಸ್ಕಾರ. ಚಿತ್ರ ಸ್ಪಷ್ಟವಾಗಿದೆ. ಅಂಗಡಿಯಲ್ಲಿ ದುರಸ್ತಿ ಮಾಡೋದು ನೀವೇ ತಾನೆ? ನಿಮ್ಮ ಹೆಸರು?"

ಅಂಗಡಿಯಲ್ಲಿದ್ದ ಗಡಿಯಾರಗಳೆಲ್ಲ ಒಂದೊಂದು ದಿಕ್ಕಿಗೆ ಟಿಕ್ ಎಂದವು. ಮುಳ್ಳು 'ತಪ್ಪು ಕೋಣೆಗೆ ಬಂದಿರಿ ಮೇಡಂ' ಎನ್ನಬಹುದಿತ್ತು. ಹಾಗೆ ಹೇಳುವ ಅಭ್ಯಾಸವೇ ಅವಳಿಗಿದ್ದದ್ದು.

"ದುರಸ್ತಿ ಮಾಡೋದು ನಾನೇ," ಎಂದಳು. ಆಮೇಲೆ ತನ್ನ ಪೂರ್ತಿ ಹೆಸರು ಹೇಳಿದಳು.

ಆ ಹೆಸರು ಮನೆಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತೆಂದರೆ ಅತ್ತೆ "ಯಾರದು?" ಎಂದು ಸೊಸೆಯನ್ನು ಕೇಳಿದರು. ಕೇಳಿ, ತಾವೇ ಇಟ್ಟ ಹೆಸರೆಂದು ನೆನಪಾಗಿ, ಬಾಯಿ ಮೇಲೆ ಕೈಯಿಟ್ಟುಕೊಂಡರು.

ಭಾವ ಕುರ್ಚಿ ಹಿಂದಕ್ಕೆ ತಳ್ಳಿ ಓಣಿಯ ಕಡೆ ಧಾವಿಸಿದರು. ಓಣಿಯ ಬಾಯಲ್ಲಿ ಸೊಸೆ ನಿಂತಿದ್ದಳು, ಎರಡೂ ಕೈಯನ್ನು ಆಚೀಚೆಯ ಗೋಡೆಗೆ ಊರಿ.

"ಸರಿ ಆಚೆ."

"ಸರಿಯಲ್ಲ ಭಾವ."

"ನನ್ನ ಅಂಗಡಿ ಇದು."

"ನಿಮ್ದೇ. ಬೇರೆ ಎಲ್ಲಿಗೆ ಬೇಕಾದ್ರೂ ಹೋಗಿ, ದಾರಿ ಬಿಡ್ತೀನಿ. ಆ ಮೇಜಿಗೆ ಮಾತ್ರ ಈಗ ಬಿಡಲ್ಲ."

"ತಮ್ಮಾ, ನಿನ್ನ ಹೆಂಡ್ತಿಗೆ ಹೇಳೋ."

ಲೋಲಕ ಈ ಕಡೆ ನೋಡಿದ, ಆ ಕಡೆ ನೋಡಿದ. ನಂತರ ಬಂದು ಹೆಂಡತಿಯ ಪಕ್ಕದಲ್ಲಿ ಗೋಡೆಗೊರಗಿ ನಿಂತ. ಓಣಿ ಇನ್ನಷ್ಟು ಇಕ್ಕಟ್ಟಾಯಿತು, ಅಷ್ಟೆ.

ಭಾವನ ಕೈ ಮೇಲೆದ್ದಿತ್ತು, ಎದ್ದಲ್ಲೇ ನಡುಗುತ್ತಿತ್ತು. ಅತ್ತೆ ಕುರ್ಚಿಯನ್ನು ಎಳೆದುತಂದು ಅವರ ಹಿಂದಿಟ್ಟು, ಆ ಕೈ ಹಿಡಿದು ಕೆಳಗಿಳಿಸಿದರು. "ಕೂತ್ಕೋ. ನಿನ್ನ ಪರವಾಗಿ ಬಾಗಿಲಲ್ಲಿ ನಿಂತು ಇಲ್ಲ ಅಂದಿದ್ದು ಸಾಕಾಯ್ತು ನಂಗೆ. ಅವಳು ಇದ್ದೀನಿ ಅಂದಿದ್ದಾಳೆ. ಕೇಳೋಣ."

ಭಾವ ಕೂತರು. ಕಿಂಡಿಯಿಂದ ಚಿಮಟ ಇಟ್ಟ ಸದ್ದು, ತಿರುಪು ಬಿಚ್ಚಿದ ಸದ್ದು, ಪರೀಕ್ಷಕಿಯ ಪ್ರಶ್ನೆ, ಮುಳ್ಳಿನ ಮೊಂಡು ಉತ್ತರ ಬರುತ್ತಿದ್ದವು.

"ಎಣ್ಣೆ ಕಡಿಮೆ ಆಯ್ತಲ್ವಾ?"

"ಇಲ್ಲ ಮೇಡಂ. ಇನ್ನೊಂದು ಹನಿ ಹಾಕಿದ್ರೆ ಇದು ಓಡಲ್ಲ, ಈಜುತ್ತೆ."

"ಜೋಡಿಸಿದ ಮೇಲೆ ಮುಚ್ಚಳದ ಒಳಗೆ ನಿಮ್ಮ ಗುರುತು ಗೀರಿ ತೋರಿಸಿ."

ಸೂಜಿ ಲೋಹದ ಮೇಲೆ ಕಿರುಗುಟ್ಟಿತು.

"ಈ ಮುಳ್ಳು ನಿಮ್ದಾ? ನನ್ನ ಬೆಂಚಿಗೆ ಬಂದ ಎಷ್ಟೋ ಗಡಿಯಾರದಲ್ಲಿ ಇದನ್ನ ನೋಡಿದ್ದೀನಿ. ಅರ್ಧಚಂದ್ರದ ಕೆಳಗೆ. ವಿಚಾರಿಸಿದ್ರೆ, ಇಂಥ ಗುರುತಿನವರು ಯಾರೂ ಇಲ್ಲ ಅಂತ ನಿಮ್ಮ ಅಂಗಡಿಯಿಂದ ಉತ್ತರ ಬಂದಿತ್ತು."

"ಇಲ್ಲ ಅಂತ ಹೇಳ್ತಿದ್ರು," ಎಂದಳು ಮುಳ್ಳು. "ಇದ್ದೆ."

ಭಾವ ನೆಲ ನೋಡುತ್ತಿದ್ದರು. ಸೊಸೆ ಗೋಡೆಯಿಂದ ಕೈ ತೆಗೆಯಲಿಲ್ಲ. ಒಳಗೆ ಪರೀಕ್ಷಕಿ "ಅಭಿನಂದನೆ" ಎಂದು ಹೇಳಿ ಪರದೆ ಆರುವವರೆಗೂ ತೆಗೆಯಲಿಲ್ಲ. ತೆಗೆದಾಗ ಅಂಗೈಗೆ ಸುಣ್ಣ ಮೆತ್ತಿತ್ತು.

ಭಾವ ಮೂರು ದಿನ ಸೊಸೆಯೊಡನೆ ಮಾತಾಡಲಿಲ್ಲ. ಆಡಬೇಕಾದದ್ದನ್ನೆಲ್ಲ ಅತ್ತೆಯ ಮೂಲಕ ಹೇಳಿಕಳಿಸಿದರು; ಅತ್ತೆ "ನಾನು ಆ ಕೆಲಸ ಬಿಟ್ಟೆ" ಎಂದು ಒಂದನ್ನೂ ತಲುಪಿಸಲಿಲ್ಲ. ನಾಲ್ಕನೆಯ ದಿನ ಗಿರಾಕಿಯೊಬ್ಬರು ಕೈಗಡಿಯಾರ ಕಟ್ಟಿಕೊಂಡು, ಕಿವಿಗೆ ಹಿಡಿದು, "ಅಪ್ಪನ ಕೈಯೇ ಬಂದಿದೆ ನಿಮಗೆ" ಎಂದರು.

ಭಾವ ಗಾಜಿನ ಕಟ್ಟೆಯನ್ನು ಒರೆಸಿದರು. ಒರೆಸಿದ್ದನ್ನೇ ಇನ್ನೊಮ್ಮೆ ಒರೆಸಿದರು.

"ಬಂದಿರೋದು ಒಳಗೆ," ಎಂದರು ಕಡೆಗೆ, ತಿಂದ ಕಹಿ ಉಗುಳುವವರ ಹಾಗೆ. "ಹೋಗಿ ಅವಳಿಗೇ ಹೇಳಿ."

ಗಿರಾಕಿ ಕಿಂಡಿಗೆ ಬಗ್ಗಿದರು. ಅಂಗೈಯಗಲದ ಕಿಂಡಿಯಲ್ಲಿ ಪೂರ್ತಿ ಮುಖ ಹಿಡಿಯುವುದಿಲ್ಲ; ಒಂದು ಕಣ್ಣು, ಅರ್ಧ ಮೂಗು ಕಂಡವು. ಮಾರನೆಯ ದಿನ ಬಡಗಿ ಬಂದ. ಎಷ್ಟಗಲ ಮಾಡಲಿ ಎಂದು ಕೇಳಿದ್ದಕ್ಕೆ ಮುಳ್ಳು, "ಗೋಡೆಯೇ ಬೇಡ" ಎಂದಳು.

ಮೆಟ್ಟಿಲ ಕೆಳಗಿನ ಪೆಟ್ಟಿಗೆ ಈಗಲೂ ಎರಡೂ ಕೆಲಸ ಮಾಡುತ್ತದೆ. ಮನೆಯವರು ಅದರ ಮೂಲಕ ಹೊರಗೆ ಹೋಗುತ್ತಾರೆ, ಹೊರಗಿನವರು ಅದರ ಮೂಲಕ ಅಂಗಡಿಗೆ ಬರುತ್ತಾರೆ. ಸೊಸೆ ಒಳದಾರಿಯನ್ನು ಕಿತ್ತುಹಾಕಿದಳು. ಹೊರಗಿನವರಿಗೆ ಕಂಡದ್ದೇ ಒಳಗಿನವರಿಗೂ ಕಾಣಲಿ ಎಂದು. ಎಲ್ಲಕ್ಕಿಂತ ಮೇಲೆ, ಬರೀ ಒಂದು ಓರೆಗೆರೆಯೊಂದಿಗೆ, ಬಂದದ್ದನ್ನೆಲ್ಲ ಮುಳ್ಳಿನ ಮೇಜಿಗೆ ಕಳಿಸುವ ಭಾವನ ಸಾಲನ್ನು ಮಾತ್ರ ಮುಟ್ಟಲಿಲ್ಲ. ಮುಟ್ಟಲ್ಲ ಅಂತ ಮೊದಲೇ ಹೇಳಿದ್ದಳು.